ಬಸ್ಸಿನಲ್ಲಿದ್ದ ಹಲಗೆ

ಸಂಜೆ ನಾಲ್ಕರ ಬಸ್ಸಿನಲ್ಲಿ ಒಡೇಲಿಯಾ ಬಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಬಿಳಿಯರ ಮನೆಯಲ್ಲಿ ಅಡುಗೆ ಮುಗಿಸಿ, ಅವರ ಹಾಸಿಗೆಯ ಹೊದಿಕೆಗಳನ್ನು ಒಗೆಯಲು ಮನೆಗೆ ಒಯ್ಯುವುದು ಸೋಮವಾರದ ವಾಡಿಕೆ.

ಅವಳ ಮುಂದಿನ ಸೀಟಿನ ಬೆನ್ನಿಗೆ ಮರದ ಹಲಗೆಯೊಂದನ್ನು ಸಿಕ್ಕಿಸಿದ್ದರು. 'ಕರಿಯರಿಗೆ ಮಾತ್ರ' ಎಂದು ಬರೆದಿತ್ತು. ಮುಂದೆ ಬಿಳಿಯರು, ಹಿಂದೆ ಕರಿಯರು. ಬಿಳಿಯರು ಹೆಚ್ಚಾದರೆ ಅವರಲ್ಲೇ ಯಾರಾದರೂ ಹಲಗೆ ಕಿತ್ತು ಒಂದೆರಡು ಸಾಲು ಹಿಂದಕ್ಕೆ ಸಿಕ್ಕಿಸುತ್ತಿದ್ದರು. ಅಲ್ಲಿ ಕುಳಿತಿದ್ದವರು ಏಳಬೇಕು. ಲೂಯಿಸಿಯಾನಾದ ಆ ಊರಿನಲ್ಲಿ ಅದೇ ಕಾನೂನು.

ತಿಂಗಳ ಹಿಂದೆ ಹಾಗೆ ಎದ್ದವಳು ಅವಳ ಮಗಳು ವರ್ನಾ, ಏಳು ತಿಂಗಳ ಬಸುರಿ. ಹಲಗೆ ಸರಿಸಿದವನು ಹುಲ್ಲು ಟೋಪಿಯ ಗುಮಾಸ್ತನೊಬ್ಬ. ಬಸ್ಸು ತಟ್ಟನೆ ನಿಂತಾಗ ವರ್ನಾ ಬಿದ್ದಳು. ಮಗು ಉಳಿಯಲಿಲ್ಲ. ಅಂದಿನಿಂದ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಒತ್ತಾಯ ಮಾಡಿದರೂ ಎರಡು ತುತ್ತಿನ ಮೇಲೆ ಇಳಿಯುವುದಿಲ್ಲ. ಒಡೇಲಿಯಾ ಅತ್ತಿರಲಿಲ್ಲ. ಅಳು ಬಂದಾಗಲೆಲ್ಲ ಆ ಟೋಪಿಯನ್ನು ನೆನೆದು ಹಲ್ಲು ಕಚ್ಚುತ್ತಿದ್ದಳು. ಅವನು ಎಲ್ಲಿ ಬಸ್ಸು ಹತ್ತುತ್ತಾನೆಂಬುದನ್ನು ತಿಳಿದುಕೊಂಡಿದ್ದಳು.

ಅವನು ಹತ್ತುವ ಜಾಗಕ್ಕೆ ಒಂದು ನಿಲ್ದಾಣ ಮೊದಲು, ಜನ ಹತ್ತುವ ಗದ್ದಲದಲ್ಲಿ, ಹಲಗೆಯನ್ನು ಎತ್ತಿ ಹೊದಿಕೆಗಳ ಕೆಳಗೆ ತುರುಕಿದಳು. ಸಿಕ್ಕಿಬಿದ್ದರೆ ಜೈಲು. ಒಂದು ಮೂಲೆ ಹೊರಗೆ ಇಣುಕುತ್ತಲೇ ಇತ್ತು. ಹಿಂದಿನ ಸೀಟಿನ ಮುದುಕ ಗ್ಯಾಸ್ಟನ್ ಸದ್ದಿಲ್ಲದೆ ಬಗ್ಗಿ, ತಾನು ಓದುತ್ತಿದ್ದ ಪೇಪರನ್ನು ಬುಟ್ಟಿಯ ಮೇಲೆ ಹರಡಿದ.

"ಬಟ್ಟೆಗೆ ಧೂಳು ಕೂರುತ್ತೆ, ತಂಗಿ," ಎಂದ.

ಗುಮಾಸ್ತ ಹತ್ತಿದ. ಮುಂದೆಲ್ಲ ಭರ್ತಿ. ಖಾಲಿ ಇದ್ದದ್ದು ಒಡೇಲಿಯಾಳ ಪಕ್ಕದ ಜಾಗವೊಂದೇ.

"ಹಲಗೆ ಎಲ್ಲಿ? ಏ ಮುದುಕಿ, ನಿನ್ನನ್ನೇ ಕೇಳ್ತಿರೋದು."

"ಅದನ್ನ ಎತ್ತಿಡೋರು ನೀವು ಸಾರ್. ನಮಗೇನು ಗೊತ್ತು?"

"ನಿಂತೂ ನಿಂತೂ ಹಲಗೆಗೂ ಕಾಲು ನೋವು ಬಂದು ಇಳಿದು ಹೋಗಿರ್ಬೇಕು ಬಿಡಿ!" ಹಿಂದಿನಿಂದ ಯಾರೋ ಅಂದರು. ನಗು ಹಬ್ಬಿತು.

ಚಾಲಕ ತಿರುಗಿ ಸಿಡುಕಿದ: "ಹಲಗೆ ಇಲ್ದೆ ಯಾವ ಸಾಲು ಏಳಿಸ್ಲಿ ನಾನು? ಆಗ್ಲೇ ತಡ ಆಗಿದೆ. ಕೂತ್ಕೊಳ್ಳಿ, ಇಲ್ಲಾ ನಿಂತ್ಕೊಳ್ಳಿ."

"ಕಾನೂನು ನಾನು ಮಾಡಿದ್ದಲ್ಲ," ಎಂದ ಗುಮಾಸ್ತ, ಎಲ್ಲರಿಗೂ ಕೇಳುವಂತೆ. "ಅವರವರ ಜಾಗದಲ್ಲಿ ಅವರವರು ಇದ್ರೆ ಯಾರಿಗೂ ತೊಂದ್ರೆ ಇಲ್ಲ."

ಒಡೇಲಿಯಾ ತಲೆಯೆತ್ತಿದಳು. "ನನ್ನ ಮಗಳು ಅವಳ ಜಾಗದಲ್ಲೇ ಇದ್ಲು ಸಾರ್. ಏಳು ತಿಂಗಳ ಹೊಟ್ಟೆ ಹೊತ್ಕೊಂಡು. ನೀವು ಜಾಗಾನೇ ಎತ್ತಿ ಹಿಂದಕ್ಕಿಟ್ರಿ."

ಅವನಿಗೆ ನೆನಪಾಯಿತು, ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಕೂರಲೂ ಆಗದೆ ಕಂಬ ಹಿಡಿದು ನಿಂತ. ತಿರುವಿನಲ್ಲಿ ಬಸ್ಸು ಓಲಾಡಿದಾಗ ಟೋಪಿ ಹಾರಿ ಅವಳ ಕಾಲಬಳಿ ಬಿತ್ತು. ಜೀವಮಾನವೆಲ್ಲ ಬಿಳಿಯರು ಬೀಳಿಸಿದ್ದನ್ನು ಹೆಕ್ಕಿ ಕೊಟ್ಟವಳು, ಈಗ ಅದರ ಮೇಲೆ ಬೂಟು ಊರಿ ನಿಧಾನವಾಗಿ ಭಾರ ಬಿಟ್ಟಳು. ಹುಲ್ಲು ಪಟಪಟನೆ ಮುರಿಯಿತು. ಮುಂದಿನ ನಿಲ್ದಾಣದಲ್ಲಿ ಅವನು ಬರಿದಲೆಯಲ್ಲಿ ಇಳಿದುಹೋದ.

ಮನೆಯಲ್ಲಿ ಅವಳು ಹಲಗೆಯನ್ನು ವರ್ನಾಳ ಮಂಚದ ಪಕ್ಕ ನೆಲಕ್ಕೆ ಹಾಕಿದಳು. ಸದ್ದಿಗೆ ವರ್ನಾ ಈ ಕಡೆ ತಿರುಗಿದಳು. ಬಹಳ ಹೊತ್ತು ಆ ಅಕ್ಷರಗಳನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಒಲೆಯ ಪಕ್ಕದ ಕೈಗೊಡಲಿ ಎತ್ತಿಕೊಂಡಳು. ಮೂರನೆಯ ಏಟಿಗೆ ಹಲಗೆ ಸೀಳಿತು. ಕೆಂಪು ಬೀನ್ಸ್ ಬೇಯುತ್ತಿದ್ದ ಒಲೆಗೆ ಚೂರುಗಳನ್ನು ಒಂದೊಂದಾಗಿ ತಳ್ಳಿದಳು.

"ಅಮ್ಮಾ, ಇಂಥವು ಇನ್ನೂ ಎಷ್ಟಿವೆ?"

"ಬಸ್ಸಿಗೊಂದು ಇದೆ ಕಣೇ."

ವರ್ನಾ ಒಲೆಯ ಮುಂದೆಯೇ ಕುಳಿತಳು. "ಹಾಗಾದ್ರೆ ಊಟ ಹಾಕು. ನಾಳೆ ನಾನೂ ಬರ್ತೀನಿ."