ಹನ್ನೊಂದು ನೋಟಿಸು, ಒಂದು ವಿಳಾಸ

ದೀಪದ ಬುಡದಲ್ಲೇ ಕತ್ತಲು ಎಂಬ ಗಾದೆ ತನ್ನನ್ನು ನೋಡಿಯೇ ಹುಟ್ಟಿರಬೇಕು ಎಂದು ತೆರಿಗೆ ಸಲಹೆಗಾರನಿಗೆ ಆ ಬುಧವಾರ ಖಾತ್ರಿಯಾಯಿತು. ಇಪ್ಪತ್ತೆರಡು ವರ್ಷದಿಂದ ಕಂಡಕಂಡವರಿಗೆಲ್ಲ ಅವನು ಹೇಳುತ್ತ ಬಂದ ಬುದ್ಧಿ ಎರಡೇ: ತೆರಿಗೆಯನ್ನು ವಾಯಿದೆಯೊಳಗೆ ಕಟ್ಟಿ, ಮನೆ ಬಿಟ್ಟರೆ ಮೊದಲು ವಿಳಾಸ ಬದಲಾಯಿಸಿ. ವಿಚ್ಛೇದನವಾದ ವರ್ಷ ಈ ಮಹಾಶಯ ಎರಡನ್ನೂ ಮಾಡಿರಲಿಲ್ಲ. ಇಬ್ಬರ ಹೆಸರಿನಲ್ಲಿದ್ದ ಮನೆಯ ಮೇಲೆ ಈಗ ಅವನೊಬ್ಬನ ಬಾಕಿಯ ಋಣಭಾರ ಬಿದ್ದಿತ್ತು. ಅದು ತೆರವಾಗದೆ ಮನೆ ಮಾರುವಂತಿರಲಿಲ್ಲ.

ಮಾಜಿ ಹೆಂಡತಿ ದಂತವೈದ್ಯೆ. ತನ್ನ ಪಾಲಿನ ಹಣ ನಂಬಿಕೊಂಡು ಸ್ವಂತ ಕ್ಲಿನಿಕ್ಕಿಗೆ ಮುಂಗಡ ಕೊಟ್ಟುಬಿಟ್ಟಿದ್ದಳು. ಮನೆ ಕೊಳ್ಳುವವರು ಶುಕ್ರವಾರದವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು.

ತೆರಿಗೆ ಕಚೇರಿಯ ಬೆಂಚಿನಲ್ಲಿ ಇಬ್ಬರ ನಡುವೆ ಅವನ ಹಳೇ ಬೂಟಿನ ಡಬ್ಬವಿತ್ತು. ಅದರೊಳಗೆ, ಅವಳೀಗ ಒಬ್ಬಳೇ ಇದ್ದ ಆ ಮನೆಗೆ ಅವನ ಹೆಸರಿನಲ್ಲಿ ಬಂದ ಹನ್ನೊಂದು ನೋಟಿಸುಗಳನ್ನು ಅವಳು ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಳು. ಒಂದನ್ನೂ ಒಡೆದಿರಲಿಲ್ಲ.

"ಒಂದಾದ್ರೂ ಒಡೆದು ನೋಡಬಾರದಿತ್ತಾ?"

"ಒಬ್ಬರ ಕಾಗದ ಇನ್ನೊಬ್ಬರು ಒಡೀಬಾರದು ಅಂತ ವಿಚ್ಛೇದನದ ಒಪ್ಪಂದದಲ್ಲಿ ಬರೆಸಿದ್ದು ಯಾರು?"

ಬರೆಸಿದ್ದು ಅವನೇ. ವಕೀಲರು ಬೇಡವೆಂದರೂ ಹಟ ಹಿಡಿದು ನಾಲ್ಕನೇ ಷರತ್ತು ಮಾಡಿಸಿದ್ದ. ಮಾಡಿದ್ದುಣ್ಣೋ ಮಹರಾಯ.

"ಪ್ರತಿ ಸಲ ಮೆಸೇಜ್ ಹಾಕಿದೀನಿ, ಬಂದು ತಗೊಂಡು ಹೋಗಿ ಅಂತ. ಬರ್ತೀನಿ ಅಂದ್ರಿ. ಬರಲೇ ಇಲ್ಲ."

ಅವನು ಇಂಗು ತಿಂದ ಮಂಗನಂತೆ ಕೂತ.

ಕೌಂಟರಿನ ಗುಮಾಸ್ತ ಅವನನ್ನು ವರ್ಷಗಳಿಂದ ಬಲ್ಲವನು. "ಇವತ್ತು ಯಾರ ಕೇಸು ಸಾರ್?"

"ನಂದೇ."

ಪಾಪ, ಗುಮಾಸ್ತ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. "ಮನೆ ಮಾರಿದಾಗ ಬಾಕಿ, ದಂಡ ಎರಡನ್ನೂ ನಿಮ್ಮ ಪಾಲಲ್ಲೇ ಮುರ್ಕೊಳ್ಳೋಕೆ ಒಪ್ಪಿಗೆ ಬರ್ಕೊಡಿ. ನಾಳೆನೇ ತೆರವು ಪತ್ರ ಕೊಡ್ತೀವಿ. ಮೇಡಂ ಪಾಲು ಮುಟ್ಟಲ್ಲ. ನಿಮಗೇನೂ ಅಷ್ಟಾಗಿ ಉಳಿಯಲ್ಲ."

ಅವನು ಓದದೆಯೇ ಸಹಿ ಹಾಕಿದ. ಗಿರಾಕಿಗಳು ಹಾಗೆ ಮಾಡಿದ್ದರೆ ಅರ್ಧ ಗಂಟೆ ಬೈಯುತ್ತಿದ್ದ.

"ಮೂರು ವರ್ಷದಿಂದ ವಿಳಾಸ ಯಾಕೆ ಬದಲಾಯಿಸಲಿಲ್ಲ ಸಾರ್? ನೀವೇ ಹೀಗೆ ಮಾಡಿದ್ರೆ..."

ಮರೆತೆ ಎನ್ನಬಹುದಿತ್ತು. ಆದರೆ ಮಾನ ಹೇಗೂ ಹೋಗಿತ್ತು, ಉಳಿಸಿಕೊಳ್ಳುವುದಕ್ಕೇನಿತ್ತು?

"ಕಾಗದ ಅಲ್ಲಿಗೇ ಬರ್ತಿದ್ರೆ ಒಂದಿನ ಆ ಮನೆಗೆ ಹೋಗೋಕೆ ನೆಪ ಇರುತ್ತೆ ಅಂತ," ಎಂದ. "ಹನ್ನೊಂದು ಸಲಾನೂ ಬೀದಿ ತಿರುವಿನ ತನಕ ಹೋಗಿ ವಾಪಸ್ ಬಂದೆ."

ಅವಳು ಡಬ್ಬದ ಮುಚ್ಚಳ ತೆಗೆದು, ಮತ್ತೆ ಮುಚ್ಚಿದಳು. ಗುಮಾಸ್ತ ವಿಳಾಸ ಬದಲಾವಣೆಯ ಅರ್ಜಿ ಮುಂದೆ ಸರಿಸಿದ.

'ಈಗಿನ ವಿಳಾಸ' ಎಂಬಲ್ಲಿ ಸಲಹೆಗಾರನ ಕೈ ರೂಢಿಯಂತೆ ಹಳೇ ಮನೆಯ ನಂಬರನ್ನೇ ಬರೆಯಿತು. ಅವಳು ನೋಡಿದಳು. ಅವನ ಕೈಯಿಂದ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿದಳು.

"ಈಗ ಎಲ್ಲಿದೀರಿ? ಹೇಳಿ, ನಾನೇ ಬರೀತೀನಿ."

ಮೂರು ವರ್ಷದಲ್ಲಿ ಅವಳು ಅವನ ವಿಳಾಸ ಕೇಳಿದ್ದು ಅದೇ ಮೊದಲು, ಅದೂ ತೆರಿಗೆ ಕಚೇರಿಗೋಸ್ಕರ. ಆದರೂ ಅವನು ಮನೆ ನಂಬರು, ಮಹಡಿ, ಬಾಗಿಲ ಬಣ್ಣ, ಪಿನ್‌ಕೋಡ್ ಎಲ್ಲವನ್ನೂ ಬಿಡದೆ, ನಿಧಾನವಾಗಿ ಹೇಳಿದ.