ಪುರಸಭೆಯ ಬನ್ನಿ ಗಿಡಗಳು

ಮಾಲಿ ಜಟ್ಟೆಪ್ಪನಿಗೆ ಉದ್ಯಾನವಿರಲಿಲ್ಲ. ನಮ್ಮೂರ ಪುರಸಭೆಯಲ್ಲಿ ಮಾಲಿಯ ಹುದ್ದೆ ಇತ್ತು, ಖಾಕಿ ಅಂಗಿ ಇತ್ತು, ಒಂದು ದೊಡ್ಡ ಕತ್ತರಿಯೂ ಇತ್ತು. ಕತ್ತರಿಸಲು ಗಿಡ ಇರಲಿಲ್ಲ. ಐದು ವರ್ಷ ಅವನು ನೋಟೀಸು ಹಂಚಿದ, ಸಭೆಗೆ ಕುರ್ಚಿ ಹಾಕಿದ.

೧೯೭೨ರಲ್ಲಿ ಬೆಳಗಾವಿಯಿಂದ ಯೋಜನಾ ಅಧಿಕಾರಿಯೊಬ್ಬರು ಬಂದು, ಊರಿನ ನಕ್ಷೆ ಹರಡಿ, ಯರಗಟ್ಟಿ ರಸ್ತೆಯ ಪಕ್ಕದ ಬಯಲಿಗೆ ಹಸಿರು ಬಣ್ಣ ಬಳಿದರು. ಬೆಳೆಯುವ ಪಟ್ಟಣಕ್ಕೆ ಬಯಲು ಬೇಕು, ಈಗ ಬಿಟ್ಟುಕೊಟ್ಟರೆ ಮುಂದೆ ಸಿಗುವುದಿಲ್ಲ ಎಂದರು. ಸದಸ್ಯರಿಗೆ ಅಲ್ಲಿ ಅಂಗಡಿ ಕಟ್ಟಿಸುವ ಆಸೆ. ಕೊನೆಗೆ ಒಂದು ಠರಾವು ಆಯಿತು. ಮೂರು ವರ್ಷದ ನಂತರ ತಪಾಸಣೆ. ಐವತ್ತು ಗಿಡ ಜೀವಂತ ಇದ್ದರೆ ಉದ್ಯಾನ, ಇಲ್ಲದಿದ್ದರೆ ಅಂಗಡಿ. ಉದ್ಯಾನವಿಲ್ಲದಿದ್ದರೆ ಮಾಲಿಯೂ ಬೇಡ ಎಂಬುದನ್ನು ಜಟ್ಟೆಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನವಿಲುತೀರ್ಥದ ನರ್ಸರಿಯಿಂದ ತಂದ ಮೊದಲ ಸಸಿಗಳನ್ನು ಆಡು ತಿಂದವು. ತಿನ್ನದೆ ಬಿಟ್ಟದ್ದನ್ನು ದನ ಕಾಯುವವರು ಕೋಲಿಗೆಂದು ಮುರಿದರು. ಆಗ ಜಟ್ಟೆಪ್ಪ ಬನ್ನಿ ಹಚ್ಚಲು ನಿರ್ಧರಿಸಿದ. ಉದ್ಯಾನದಲ್ಲಿ ಯಾರಾದರೂ ಬನ್ನಿ ಹಚ್ಚುತ್ತಾರೆಯೇ ಎಂದು ಪುರಸಭೆಯ ಓವರ್‌ಸಿಯರ್ ನಕ್ಕರು.

"ದೇವರ ಗಿಡರೀ ಸಾಹೇಬ್ರ. ಇದನ್ನ ಯಾರ ಮುರೀತಾರ ನೋಡೂಣು," ಎಂದ ಜಟ್ಟೆಪ್ಪ.

ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿದ. ಅವನೂ ಹೆಂಡತಿ ತಾಯವ್ವನೂ ಹಳ್ಳದಿಂದ ನೀರು ಹೊತ್ತು ಅರವತ್ತು ಗಿಡ ಬೆಳೆಸಿದರು. ತಾಯವ್ವ ಒಂದೊಂದಕ್ಕೂ ಊರ ದೊಡ್ಡವರ ಹೆಸರಿಟ್ಟು, ಬೈಯುತ್ತಲೇ ನೀರು ಹಾಕುತ್ತಿದ್ದಳು. ಎಲ್ಲಕ್ಕಿಂತ ಗಿಡ್ಡದ್ದಕ್ಕೆ ಪುರಸಭೆಯ ಅಧ್ಯಕ್ಷರ ಹೆಸರು. ಅಲ್ಲಿಂದ ಮುಂದೆ ಯಾರೂ ಒಂದು ಟೊಂಗೆ ಮುಟ್ಟಲಿಲ್ಲ. ಗಿಡಗಳು ಎದೆಮಟ್ಟ ಬಂದವು. ತಪಾಸಣೆ ದಸರೆಯ ಮರುವಾರಕ್ಕೆ ಗೊತ್ತಾಯಿತು.

ದಸರೆಗೆ ಊರೆಲ್ಲ ಊರಾಚೆಯ ಹಳೆಯ ಬನ್ನಿ ಮರಕ್ಕೆ ಹೋಗಿ, ಅದರ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವುದು ವಾಡಿಕೆ. ಜಟ್ಟೆಪ್ಪನ ಓಣಿಯವರು ದೂರ ನಿಂತು, ಎಲ್ಲರೂ ಹೋದ ಮೇಲೆ ನೆಲಕ್ಕೆ ಬಿದ್ದದ್ದನ್ನು ಆರಿಸಿಕೊಳ್ಳುತ್ತಿದ್ದರು. ಆ ವರ್ಷ ಮರದ ದಾರಿಗೆ ಅಡ್ಡವಾಗಿ ಮಲಪ್ರಭಾ ಕಾಲುವೆ ತೋಡಿದ್ದರು, ದಾಟುವಂತಿರಲಿಲ್ಲ. ಹಬ್ಬದ ಹಿಂದಿನ ದಿನ ಸದಸ್ಯ ಶಂಕರೆಪ್ಪ ನಾಲ್ವರು ಹಿರಿಯರೊಂದಿಗೆ ಜಟ್ಟೆಪ್ಪನ ಮನೆಗೇ ಬಂದರು. ಓಟು ಕೇಳಲು ಬಂದದ್ದು ಬಿಟ್ಟರೆ ಅವರು ಆ ಓಣಿಗೆ ಬಂದವರಲ್ಲ.

"ಗಿಡ ನೀ ಬೆಳಸಿದವು, ಜಟ್ಟೆಪ್ಪ. ನಾಳೆ ಮೊದಲನೇ ಬಂಗಾರ ನಿನ್ನ ಕೈಲೇನ ಕೊಡಬೇಕು. ನಾ ಮೊದಲ ಕೈ ಒಡ್ಡತೇನಿ," ಎಂದರು ಶಂಕರೆಪ್ಪ.

ಜಟ್ಟೆಪ್ಪ ಆಗಲಿ ಎಂದ. ಅವರು ಹೋದ ಮೇಲೆ ತಾಯವ್ವ ಅವನ ಮುಂದೆ ಕೂತಳು.

"ತೋಟ ಹೋಗತೈತಿ. ಗೊತ್ತೈತಿಲ್ಲ ನಿನಗ?"

"ಒಬ್ಬರಿಗೆ ಒಂದ ಎಸಳು ಅಂತ ಹೇಳತೇನಿ."

"ಹೌದು, ಸಾಲಾಗಿ ನಿಂತು ಇಸ್ಕೋತಾರ ನೋಡು, ರೇಷನ್ ಅಂಗಡ್ಯಾಗ ನಿಂತಂಗ."

"ನಮ್ಮಪ್ಪ ಸಾಯೂತನಕ ನೆಲದಾಗಿಂದ ಆರಿಸಿದ," ಎಂದ. "ನಾನೂ ಆರಿಸೇನಿ."

ತಾಯವ್ವ ಎದ್ದು ಅವನ ಖಾಕಿ ಅಂಗಿ ಒಗೆಯಲು ಹಾಕಿದಳು.

ಮರುದಿನ ಸಂಜೆ ಅವನೇ ಬೇಲಿ ಸರಿಸಿದ. ಶಂಕರೆಪ್ಪ ಎರಡೂ ಕೈ ಚಾಚಿದರು. ಜಟ್ಟೆಪ್ಪ ಎಲೆ ಹಾಕಿ, ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ ಎಂದ. ಅವರು ಅವನನ್ನು ಅಪ್ಪಿಕೊಂಡರು. ಸುಮಾರು ನಲವತ್ತು ಜನಕ್ಕೆ ಅವನು ಹೀಗೆ ಕೈಯಾರೆ ಕೊಟ್ಟ. ಹಿಂದಿದ್ದವರಿಗೆ ತಡೆಯಲಾಗಲಿಲ್ಲ. ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ನುಗ್ಗಿದರು. ಟೊಂಗೆ ಜಗ್ಗಿದರು, ನೀರುಂಡ ಎರೆಮಣ್ಣಿನಿಂದ ಗಿಡಗಳು ಬೇರುಸಹಿತ ಕಿತ್ತು ಬಂದವು. ಕಿತ್ತವರೆಲ್ಲ ಅವನಿಗೂ ನಾಲ್ಕು ಎಲೆ ಕೊಟ್ಟು, ತಾಯವ್ವನಿಗೂ ಕೊಟ್ಟು ಹೋದರು.

ಮರುವಾರ ಅಧಿಕಾರಿ ಬಂದಾಗ ಜಟ್ಟೆಪ್ಪ ಅವರೊಂದಿಗೆ ನಡೆದು, ತಾನೇ ಎಣಿಸಿ ಹೇಳಿದ. ಹೋದದ್ದು ಐವತ್ತಮೂರು ಬನ್ನಿ, ಒಂದೂವರೆ ಎಕರೆ ಬಯಲು, ಒಂದು ಮಾಲಿಯ ಹುದ್ದೆ.