ನಂಜಕ್ಕನ ಕಿವಿ

"ಆ ಹುಚ್ಚುಮುಂಡೇನ ಮೊದ್ಲು ಒಳೀಕ್ ಹಾಕು. ಬಾಯಿಗೆ ಬಟ್ಟೆ ತುರುಕು. ಅಂಗ್ಡೀಲಿ ಪಟೇಲ್ರ ಮನೆಯೋರು ಕುಂತವ್ರೆ."

ಶಂಭುಲಿಂಗಯ್ಯ ಹಿತ್ತಲ ಬಾಗಿಲಲ್ಲಿ ನಿಂತು ಹೀಗೆ ಹಲ್ಲು ಕಡಿಯುವಾಗ ನನ್ನ ಕೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಅದನ್ನು ಎಲ್ಲಿಡಬೇಕೆಂದು ಒಂದು ಗಳಿಗೆ ಬೇರೆ ಯೋಚನೆ ಬಂದದ್ದು ನಿಜ. ಆದರೆ ಇಟ್ಟದ್ದು ಗಿಂಡಿಯ ಬಾಯಿಗೇ.

ನಮ್ಮ ಕೆಲಸ ಅದು. ಕಾಶಿಗೆ ಬಂದ ಕನ್ನಡದವರೆಲ್ಲ ಊರಿಗೆ ಒಯ್ಯುತ್ತಾರಲ್ಲ ಗಂಗೆ ಗಿಂಡಿ, ದೇವರ ಮನೆಯಲ್ಲಿಟ್ಟುಕೊಂಡು ಸಾಯುವಾಗ ಒಡೆದು ಬಾಯಿಗೆ ಬಿಡಿಸಿಕೊಳ್ಳುತ್ತಾರಲ್ಲ, ಅದರ ಬಾಯಿ ಮುಚ್ಚುವವರು ನಾವು. ವಿಶ್ವನಾಥ ಗಲ್ಲಿಯಿಂದ ಎಡಕ್ಕೆ ಹೊರಳಿದರೆ ಶಂಭುಲಿಂಗಯ್ಯನ ಅಂಗಡಿ, ಮೇಲೆ ಯಾತ್ರಿಕರು ಇಳಿಯುವ ಕೋಣೆಗಳು. ಮುಂದಿನ ಜಗಲಿಯಲ್ಲಿ ಭಟ್ಟರು ಮಂತ್ರ ಹೇಳುತ್ತ ತಾಮ್ರದ ಗಿಂಡಿಗೆ ನೀರು ತುಂಬುತ್ತಾರೆ. ಹಿತ್ತಲಲ್ಲಿ ನಾನು, ಕಾಮಾಕ್ಷಿ, ನಂಜಕ್ಕ ಮೂವರು ಅಗ್ಗಿಷ್ಟಿಕೆ ಮುಂದೆ ಕೂತು ಬೆಸುಗೆ ಹಾಕುತ್ತೇವೆ. ಆಮೇಲೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮ ಹಚ್ಚಿ, ಮಡಿಯಲ್ಲಿ ಮುಚ್ಚಿದ್ದು ಎಂದು ಹೇಳಿ ಕೊಡುತ್ತಾರೆ. ನಾವು ಮೂವರೂ ಹೊಲಗೇರಿಯವರು. ಅದಕ್ಕೇ ನಮಗೆ ಹಿತ್ತಲು. ಅಂಗಡಿಯ ಹೊಸ್ತಿಲು ದಾಟಿ ಮುಂದೆ ಕಾಣಿಸಿಕೊಳ್ಳಕೂಡದು ಎಂಬುದು ಮೊದಲ ದಿನವೇ ಹಾಕಿದ ಕಟ್ಟಳೆ.

ನಾನು ಇಲ್ಲಿಗೆ ಬಂದದ್ದು ಪುಣ್ಯಕ್ಕಲ್ಲ. ತುರುವೇಕೆರೆ ಕಡೆಯ ನಮ್ಮ ಗೌಡರ ತಾಯಿಗೆ ಕಾಶಿಯಲ್ಲೇ ಸಾಯಬೇಕೆಂಬ ಆಸೆ. ಮಲಗಿದಲ್ಲೇ ಆದ ಮುದುಕಿಯ ಹೇಲು ಉಚ್ಚೆ ಬಾಚಲು ನನ್ನನ್ನು ಜೊತೆಗೆ ಕಳಿಸಿದರು. ಮುದುಕಿ ಮೂರು ವರ್ಷ ನಿಧಾನವಾಗಿ ಸತ್ತಳು. ಅಸ್ಥಿ ಬಿಡಲು ಬಂದ ಮಗ ಅವಳ ಪೆಟ್ಟಿಗೆ, ಕಂಬಳಿ, ಎಲೆಯಡಿಕೆ ಕುಟ್ಟುವ ಕಲ್ಲು ಎಲ್ಲವನ್ನೂ ನೆನಪಿಟ್ಟು ಕಟ್ಟಿಸಿಕೊಂಡು ರೈಲು ಹತ್ತಿದ. ಮರೆತದ್ದು ನನ್ನೊಬ್ಬಳನ್ನೇ.

ನಂಜಕ್ಕನನ್ನು ಮರೆತು ಹೋದದ್ದಲ್ಲ, ಬೇಕೆಂತಲೇ ಬಿಟ್ಟು ಹೋದದ್ದು. ಅವಳ ಗಂಡನ ಗೇಣಿ ಹೊಲವನ್ನು ಊರ ಪಟೇಲ ಕಿತ್ತುಕೊಂಡ. ಗಂಡ ಸತ್ತ. ಆಮೇಲೆ ಪಟೇಲನ ದನಿ ಅವಳ ಕಿವಿಯೊಳಗೇ ಬಂದು ಕೂತಿತು, ಹಗಲೂ ರಾತ್ರಿ ಹೀನಾಯ ಬೈಯುವುದಕ್ಕೆ ಶುರುಮಾಡಿತು. ಊರಿನವರು ಅವಳನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ ಬೇವಿನ ಬರಲಿನಲ್ಲಿ ಬಡಿದರು. ಕೊನೆಗೆ ಒಡಹುಟ್ಟಿದವರು ಯಾತ್ರೆಯೆಂದು ಕರೆತಂದು ಘಾಟಿನ ಮೆಟ್ಟಿಲ ಮೇಲೆ ಕೂರಿಸಿ, ಇಲ್ಲೇ ಇರು ಬಂದೆವು ಎಂದು ಹೋದವರು ಹೋದರು. ಒಂದು ಬೆಳಿಗ್ಗೆ ಹೊಳೆಯ ಕಡೆ ಮುಖ ಮಾಡಿ ಕನ್ನಡದಲ್ಲಿ ಬೈಯುತ್ತಿದ್ದ ಹೆಂಗಸನ್ನು ಕಂಡೆ. ನಮ್ಮೂರ ಕಡೆಯ ಅಪ್ಪಟ ಬೈಗುಳ. ಅಂಥದ್ದನ್ನು ಕೇಳಿ ವರ್ಷಗಳೇ ಆಗಿದ್ದವು. ನನಗೆ ತವರಿನವರು ಸಿಕ್ಕಷ್ಟು ಸಂತೋಷವಾಗಿ ಕೈಹಿಡಿದು ಎಬ್ಬಿಸಿಕೊಂಡು ಬಂದೆ.

ನಮ್ಮ ಹಿತ್ತಲು ತೆರೆಯುವುದು ಹಿಂದಿನ ಗಲ್ಲಿಗೆ. ಅಲ್ಲಿ ಯಾತ್ರಿಕರು ಬರುವುದಿಲ್ಲ, ಬರುವುದೆಲ್ಲ ದನ, ಗಾಡಿ, ಕೂಗು, ಜಗಳ. ನಂಜಕ್ಕನಿಗೆ ಆ ಗಲ್ಲಿ ಒಗ್ಗಿಹೋಯಿತು. ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಅವಳ ಕಿವಿಗೆ ಪಟೇಲ ಬರುತ್ತಾನೆ. ಅವಳು ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿ ಅವನ ವಂಶವನ್ನೆಲ್ಲ ಜಾಲಾಡುತ್ತಾಳೆ. ಆಗ ಎದುರಿನ ಪಾನ್ ಅಂಗಡಿಯ ಲಲ್ಲನ್ ಸುಣ್ಣದ ಕಡ್ಡಿ ಮೇಲೆತ್ತಿ, "ಪಟೇಲ್ ಭಾಗ್ ಗಇಲ್, ಅಮ್ಮಾ" ಎನ್ನುತ್ತಾನೆ. ಓಡಿಹೋದ ಅಂತ. ಲಲ್ಲನ್ ಇಲ್ಲದ ದಿನ ಮೊಸರಿನವಳು ಹೇಳುತ್ತಾಳೆ, ಅವಳೂ ಇಲ್ಲದಿದ್ದರೆ ದಾರಿಯಲ್ಲಿ ಹೋಗುವ ರಿಕ್ಷಾದವನು. ಯಾರೋ ಒಬ್ಬರು ಹೇಳಬೇಕು, ಅಷ್ಟೇ. ನಂಜಕ್ಕ, "ಹೋದ್ನಾ? ಸರಿ ಬುಡು" ಎಂದು ಕೂತು ಕೆಲಸ ಹಿಡಿಯುತ್ತಾಳೆ. ಹುಚ್ಚು ಬಿಟ್ಟಿತೇ ಎಂದು ಕೇಳಿದರೆ ಬಿಟ್ಟಿರಲಿಲ್ಲ. ಆದರೆ ಅದಕ್ಕೂ ಹೊತ್ತುಗೊತ್ತು ಅಂತ ಆಗಿತ್ತು. ಲಲ್ಲನ್ ತನ್ನ ನಿಂತುಹೋದ ಗಡಿಯಾರದ ಮುಳ್ಳನ್ನು ನಂಜಕ್ಕನ ಬೈಗುಳ ಕೇಳಿ ಹತ್ತಕ್ಕೆ ತಿರುಗಿಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅವಳ ಕಿವಿ ಕೆಲಸಕ್ಕೂ ಬಂತು. ಮೊದಲು ನಾವು ಬೆಸುಗೆ ಹಾಕಿದ ಗಿಂಡಿಯನ್ನು ಒಂದು ದಿನ ಬೂದಿಯ ಮೇಲೆ ಬೋರಲು ಹಾಕಿ, ಬೂದಿ ಒದ್ದೆಯಾಯಿತೇ ಎಂದು ನೋಡುತ್ತಿದ್ದೆವು. ನಂಜಕ್ಕ ಬಂದ ಮೇಲೆ ಬೂದಿ ಬೇಡವಾಯಿತು. ಬಿಸಿ ಗಿಂಡಿಯನ್ನು ಬಟ್ಟೆಯಲ್ಲಿ ಹಿಡಿದು ಕಿವಿಯ ಹತ್ತಿರ ತರುತ್ತಾಳೆ. ಸೂಜಿಮೊನೆಯಷ್ಟು ತೂತಿದ್ದರೂ ಒಳಗಿನ ಗಾಳಿ ಸುಯ್ ಎನ್ನುತ್ತದಂತೆ. ನಮಗೆ ಏನೂ ಕೇಳುವುದಿಲ್ಲ. ಅವಳು ಸೋರುತ್ತದೆ ಎಂದರೆ ಸೋರಿಯೇ ಸೋರುತ್ತದೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಆ ರೈಲು ಮುಷ್ಕರ ಬಂತು. ಅದು ಮುಗಿದದ್ದೇ ತಡ, ತಡೆದುನಿಂತಿದ್ದ ಯಾತ್ರಿಕರೆಲ್ಲ ಒಮ್ಮೆಗೇ ನುಗ್ಗಿದರು. ತಿಪಟೂರು ಕಡೆಯಿಂದ ಭಾಗೀರಥಮ್ಮ ಎಂಬ ಪಟೇಲರ ಹೆಂಡತಿ ಊರಿನ ಹತ್ತಾರು ಜನರನ್ನು ಕಟ್ಟಿಕೊಂಡು ಬಂದಳು. ಗಂಡ ಸತ್ತು ವರ್ಷವಾಗಿತ್ತು, ಗಯೆಯಲ್ಲಿ ಪಿಂಡ ಹಾಕಬೇಕಿತ್ತು, ಊರಿನ ಮನೆಮನೆಗೂ ಗಿಂಡಿ ಬೇಕಿತ್ತು. ಅವಳು ಅಂಗಡಿಯಲ್ಲಿ ಕೂತಾಗಲೇ ಹತ್ತು ಗಂಟೆಯಾಗಬೇಕೆ? ಹಿತ್ತಲಿನಿಂದ ನಂಜಕ್ಕನ ದನಿ: ಪಟೇಲ, ನಿನ್ನ ಹೆಣ ಎತ್ತ, ನಿನ್ನ ಮೀಸೆಗೆ ಗೆದ್ದಲು ಹಿಡಿಯ. ಭಾಗೀರಥಮ್ಮ ಕೇಳಿದ್ದು, ಯಾರದು ಎಂದಷ್ಟೇ. ಮೈಯೆಲ್ಲ ಬೆವರಿದ್ದು ಶಂಭುಲಿಂಗಯ್ಯನಿಗೆ.

ಅವತ್ತೇ ನಂಜಕ್ಕನನ್ನು ಮೇಲೆ, ಹಳೆಯ ಹಾಸಿಗೆಗಳನ್ನು ಒಟ್ಟಿ ಹೊರಗಿನ ಸದ್ದೇ ಕೇಳದಂತಿದ್ದ ಕೋಣೆಗೆ ನೂಕಿ ಅಲಿಗಢದ ಹಿತ್ತಾಳೆ ಬೀಗ ಜಡಿದ. ಇನ್ನು ಅವಳು ಅಲ್ಲೇ ಎಂದ. ನಾನು ಕೈಮುಗಿದೆ. ಗಲ್ಲಿಯ ಗದ್ದಲದಿಂದಲೇ ಅವಳ ತಲೆ ಕೆಟ್ಟಿರುವುದು, ನಿಶ್ಶಬ್ದದಲ್ಲಿಟ್ಟರೆ ತಾನಾಗಿ ಸರಿಹೋಗುತ್ತದೆ ಎಂದು ವೈದ್ಯನ ಹಾಗೆ ನನಗೇ ಪಾಠ ಹೇಳಿದ. ಕೋಣೆಯಲ್ಲಿ ಮೆತ್ತನೆ ಹಾಸಿಗೆಗಳಿವೆ, ನಿಮ್ಮಂಥವರಿಗೆ ಅದೇ ಹೆಚ್ಚು ಎಂದೂ ಸೇರಿಸಿದ.

ಊಟ ಕೊಡಲು ನನ್ನನ್ನು ಬಿಡುತ್ತಿದ್ದ. ಮೊದಲ ದಿನ ನಂಜಕ್ಕ ಬೈದಳು. ಎರಡನೆಯ ದಿನ ಹೊತ್ತುಗೊತ್ತಿಲ್ಲದೆ ಬೈದಳು. ಮೂರನೆಯ ದಿನ ಬೈಯುವುದನ್ನು ಬಿಟ್ಟು ಗೋಡೆಗೆ ಕಿವಿಯೊತ್ತಿ ಕೂತಳು. ಗಲ್ಲಿಯಲ್ಲಿದ್ದಾಗ ಪಟೇಲನದು ನೂರು ದನಿಗಳಲ್ಲಿ ಒಂದು. ಆ ಕೋಣೆಯಲ್ಲಿ ಇದ್ದದ್ದು ಅವನದೊಂದೇ, ಅವನನ್ನು ಓಡಿಸಲು ಯಾರೂ ಇರಲಿಲ್ಲ. ಆಮೇಲೆ ಅನ್ನ ಮುಟ್ಟಲಿಲ್ಲ, ನನ್ನನ್ನು ಕಾಳಿ ಎಂದು ಹೆಸರು ಹಿಡಿದೂ ಕರೆಯಲಿಲ್ಲ. ಕೆಳಗೆ ಲಲ್ಲನ್ ಹತ್ತು ಗಂಟೆಗೆ ಸುಣ್ಣದ ಕಡ್ಡಿ ಹಿಡಿದು ಕಾಯುತ್ತಿದ್ದ, ಆಮೇಲೆ ಮುಖ ಬಾಡಿಸಿಕೊಂಡು ಇಳಿಸುತ್ತಿದ್ದ.

ಭಾಗೀರಥಮ್ಮನ ಮೂಟೆ ಗಿಂಡಿಗಳಿಗೆ ನಾವಿಬ್ಬರೇ ಬೆಸುಗೆ ಹಾಕಿದೆವು. ಬೂದಿಯ ಮೇಲಿಡಬೇಕು ಎಂದೆ. ಅವರಿಗೆ ಗಯೆಯ ಗಾಡಿಗೆ ಹೊತ್ತಾಯಿತು, ಮುಚ್ಕೊಂಡು ಕೊಡೇ ಎಂದ ಶಂಭುಲಿಂಗಯ್ಯ. ಮುಚ್ಚಿಕೊಂಡು ಕೊಟ್ಟೆ.

ಎಂಟನೆಯ ದಿನ ಬೆಳಿಗ್ಗೆ ಗಯೆಯಿಂದ ಅವರೆಲ್ಲ ವಾಪಸು ಬಂದರು. ಮಡಿಸೀರೆ, ಹಾಸಿಗೆ, ಪ್ರಸಾದದ ಪೊಟ್ಟಣ ಎಲ್ಲ ನೆಂದು ತೊಪ್ಪೆ. ಗಂಗೆ ಬೇಕಾದಷ್ಟು ಹರಿದಿದ್ದಳು. ಶಂಭುಲಿಂಗಯ್ಯ ಹಿತ್ತಲಿಗೆ ಓಡಿಬಂದು ಬೀಗದ ಕೈ ನನ್ನ ಮುಂದೆ ಎಸೆದ. "ಅವ್ಳನ್ನ ಇಳ್ಸು. ಸಂಜೆ ರೈಲಿಗೆ ಎಲ್ಲಾನೂ ತಿರ್ಗಾ ಮುಚ್ಚಿ, ಕಿವೀಲಿ ನೋಡಿ ಕೊಡ್ಬೇಕು. ಮುಗುದ್ಮ್ಯಾಲೆ ಮತ್ತೆ ಮ್ಯಾಕೆ ಹಾಕಿ ಬೀಗ ಜಡಿ."

ನಂಜಕ್ಕನನ್ನು ಹೆಗಲಿಗೆ ಆನಿಸಿಕೊಂಡು ಇಳಿಸಿದೆ. ಬೀಗವನ್ನು ಸೆರಗಿಗೆ ಕಟ್ಟಿಕೊಂಡೆ. ಹಿತ್ತಲಿಗೆ ಬಂದಾಗ ಲಲ್ಲನ್ ಅಂಗಡಿಯಿಂದ ಎದ್ದು ಬಂದು, ಪಟೇಲ ಓಡಿಹೋದ ಎಂದು ಮೂರು ಸಲ ಕೂಗಿದ. ಮೊಸರಿನವಳು ಕುಡಿಕೆ ಮೊಸರು ತಂದು ಬಾಯಿಗೆ ಹಿಡಿದಳು. ನಂಜಕ್ಕ ಎರಡು ಗುಟುಕು ನುಂಗಿದಳು, ತಲೆ ಇಷ್ಟೇ ಇಷ್ಟು ಹೊರಳಿಸಿದಳು. ಗಿಂಡಿಯನ್ನು ಕಿವಿಗೆ ಹಿಡಿಸಿದರೆ ಅವಳ ಕೈಯಿಂದ ಜಾರಿತು.

ನಾನು ಕಾಮಾಕ್ಷಿಯ ಮುಖ ನೋಡಿದೆ. ಯಾರಿಗೂ ಕಾಣದ ಜಾಗದಲ್ಲಿ ಕೂತವರಿಗೆ ಬೀಗ ಹಾಕುವುದು ಸುಲಭ. ಅದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಅವಳು ಅಗ್ಗಿಷ್ಟಿಕೆಯನ್ನು ಕೆಂಡಸಮೇತ ಎತ್ತಿಕೊಂಡಳು, ನಾನು ನಂಜಕ್ಕನ ಕೈ ಹಿಡಿದೆ. ಅಂಗಡಿಯ ಹೊಸ್ತಿಲು ದಾಟಿ, ಭಟ್ಟರ ಪಕ್ಕದಲ್ಲೇ ಹಾದು, ಮುಂದಿನ ಜಗಲಿಯ ನಟ್ಟನಡುವೆ ಕೂತೆವು. ಭಟ್ಟರು ಪಂಚೆ ಎತ್ತಿಕೊಂಡು ಬೀದಿಗೆ ಹಾರಿದರು. ಆ ವಯಸ್ಸಿನಲ್ಲಿ ಅಷ್ಟು ದೂರ ಹಾರಬಲ್ಲರೆಂದು ನಮಗೆ ಗೊತ್ತೇ ಇರಲಿಲ್ಲ.

ಯಾರು ಇವರು ಎಂದು ಭಾಗೀರಥಮ್ಮ ಕೇಳಿದಳು. ಶಂಭುಲಿಂಗಯ್ಯ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಿಮ್ ಗಿಂಡಿ ಮುಚ್ಚೋರು ನಾವೇ ಕಣವ್ವ. ಹೊಲಗೇರಿಯೋರು. ಇಲ್ಲಿಂದ ಹೋದ ಗಿಂಡಿ ಎಲ್ಲಾನೂವೆ ನಮ್ ಕೈಲೇ ಮುಚ್ಚಿರಾದು. ಇವತ್ತು ನಿಮ್ ಕಣ್ಮುಂದೇನೇ ಮುಚ್ತೀವಿ."

ಅವಳ ಊರಿನವರಲ್ಲಿ ಒಬ್ಬ ಮೆಟ್ಟಿಲ ಮೇಲೆ ಗಿಂಡಿಯಿಟ್ಟು ಕೈ ಕೊಡವಿದ. ಇನ್ನಿಬ್ಬರು ಮತ್ತೆ ಸ್ನಾನಕ್ಕೆ ಹೊರಟರು. ಭಾಗೀರಥಮ್ಮ ಮಡಿಲಲ್ಲಿದ್ದ ಗಿಂಡಿಯನ್ನು ನೋಡಿದಳು, ನಮ್ಮನ್ನು ನೋಡಿದಳು, ಇಡಲೂ ಇಲ್ಲ, ಕೊಡಲೂ ಇಲ್ಲ. ಶಂಭುಲಿಂಗಯ್ಯ ನನ್ನ ಜುಟ್ಟಿಗೆ ಕೈಹಾಕಲು ಬಂದ. ನನ್ನ ಕೈಯ ಕಾದ ಕಡ್ಡಿ ಕಂಡು ನಿಂತ.

ಆಗ ನಂಜಕ್ಕ ಎದ್ದಳು. ತೂರಾಡಿಕೊಂಡೇ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಐದಾರು ದಿನದ ಮೇಲೆ ಬಾಯಿ ಬಿಟ್ಟಳು. "ಪಟೇಲ, ಬಂದ್ಯಾ ನನ್ ಸವತಿ ಮಗನೆ. ನಿನ್ ಹೆಣ ಎತ್ತ." ಹತ್ತು ಗಂಟೆಯಾಗಿರಬೇಕು. ನನ್ನ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಆದರೆ ಲಲ್ಲನ್ ಇರುವುದು ಹಿಂದಿನ ಗಲ್ಲಿಯಲ್ಲಿ. ಇಲ್ಲಿಯ ಕೂಗು ಅವನಿಗೆ ಮುಟ್ಟುವುದಿಲ್ಲ. ನಾನು ಎಷ್ಟೋ ಸಲ ಹೇಳಿ ನೋಡಿದ್ದೆ, ನನ್ನ ಮಾತನ್ನು ಅವಳು ನಂಬುವುದಿಲ್ಲ. ಹೊರಗಿನವರು ಯಾರಾದರೂ ಹೇಳಬೇಕು. ನಂಜಕ್ಕ ಬೈಯುತ್ತಲೇ ಇದ್ದಳು, ಒಂದೊಂದೇ ಮುಖ ನೋಡುತ್ತ ಕಾಯುತ್ತಿದ್ದಳು. ಈ ಬೀದಿಯವರು ಯಾರೂ ತುಟಿ ಬಿಚ್ಚಲಿಲ್ಲ.

"ಪಟೇಲ ಹೋದ ಕಣಮ್ಮ," ಎಂದಳು ಭಾಗೀರಥಮ್ಮ. "ಹೋಗಿ ವರ್ಷವಾಯ್ತು. ಪಿಂಡಾನೂ ಹಾಕ್ಬುಟ್ಟು ಬಂದೆ."

ನಂಜಕ್ಕ ಅವಳನ್ನೇ ನೋಡಿದಳು. ಇದು ಲಲ್ಲನ್ ಹೇಳುವುದಕ್ಕಿಂತ ಗಟ್ಟಿ ಸುದ್ದಿ.

"ಹೋದ್ನಾ? ಸರಿ ಬುಡು."

ಕೂತಳು. ಕೈ ಚಾಚಿ ಭಾಗೀರಥಮ್ಮನ ಮಡಿಲಿಂದಲೇ ಗಿಂಡಿ ತೆಗೆದುಕೊಂಡು, ಕೆಂಡಕ್ಕೆ ಒಡ್ಡಿ ಬಿಸಿಮಾಡಿ ಕಿವಿಗೆ ಹಿಡಿದಳು. ಸೋರುತ್ತದೆ ಎಂದು ನನ್ನ ಕಡೆ ತಳ್ಳಿದಳು. ನಾನು ಬೆಸುಗೆ ಹಾಕಿದೆ, ಅವಳು ಮತ್ತೆ ಕೇಳಿ ನೋಡಿ ಮಡಿಲಲ್ಲಿಟ್ಟಳು. ಭಾಗೀರಥಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮೆಟ್ಟಿಲ ಮೇಲಿಟ್ಟವನ ಗಿಂಡಿ ಮೆಟ್ಟಿಲ ಮೇಲೇ ಉಳಿಯಿತು.

ಸಂಜೆ ಅವರ ಜಟಕಾಗಳು ಹೊರಟದ್ದೇ ಶಂಭುಲಿಂಗಯ್ಯ ನನ್ನ ಮುಂದೆ ಬಂದು ನಿಂತ. ಆಟ ಮುಗಿಯಿತಲ್ಲ, ಇನ್ನು ಅವಳನ್ನು ಮೇಲೆ ಹತ್ತಿಸು, ಬೀಗ ಎಲ್ಲಿ ಎಂದ. ಅಗ್ಗಿಷ್ಟಿಕೆಯ ಪಕ್ಕದಲ್ಲಿದ್ದ ಬೀಗವನ್ನು ಇಕ್ಕಳದಲ್ಲಿ ಎತ್ತಿ ಅವನ ಕಡೆ ಚಾಚಿದೆ. ಕೀಲಿ ತೂತಿನ ತುಂಬ ಬೆಸುಗೆ ತುಂಬಿ, ಆರಿ, ಬೆಳ್ಳಗೆ ಹೊಳೆಯುತ್ತಿತ್ತು. ಇಷ್ಟು ಚೊಕ್ಕವಾದ ಕೆಲಸ ನಾನು ಗಂಗೆ ಗಿಂಡಿಗೂ ಮಾಡಿರಲಿಲ್ಲ.

ಅವನು ಮುಟ್ಟುವ ಮೊದಲೇ ನಂಜಕ್ಕ ಅದನ್ನು ಬಟ್ಟೆಯಲ್ಲಿ ಹಿಡಿದು, ಅಲುಗಾಡಿಸಿ, ಕಿವಿಗೆ ತಂದಳು. ಬಹಳ ಹೊತ್ತು ಕೇಳಿದಳು.

"ಇದು ಸೋರಕಿಲ್ಲ, ಅಯ್ನೋರೆ," ಎಂದು ಅವನ ಕೈಗಿಟ್ಟಳು. "ತಕ್ಕೊಂಡೋಗಿ ದೇವ್ರ ಮನೇಲಿ ಮಡೀಕಳಿ."